ಮರೆತುಬಿಡು ಎನ್ನುವ ಮೊದಲು

ನಮಸ್ಕಾರ ಕೇಳುಗರೇ.

ನಮ್ಮ ಕರಾವಳಿಯ ಮನೆಗಳಲ್ಲಿ ಯಾರ ಮನಸ್ಸಿಗಾದರೂ ದೊಡ್ಡ ಪೆಟ್ಟು ಬಿದ್ದರೆ ಎರಡು ಮಾತು ಕೇಳಿಬರುತ್ತವೆ. ಒಂದು, "ಆದದ್ದು ಆಯ್ತು, ಮರೆತುಬಿಡು." ಇನ್ನೊಂದು, "ಎಂತ ಆಯ್ತು ಹೇಳು, ಹೇಳಿದ್ರೆ ಮನಸ್ಸು ಹಗುರ ಆಗ್ತದೆ." ಎರಡನ್ನೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪೆಟ್ಟು ತಿಂದವರಿಗೆ ಮರೆಯಲಿಕ್ಕೂ ಆಗುವುದಿಲ್ಲ, ಹೇಳಲಿಕ್ಕೂ ಆಗುವುದಿಲ್ಲ. ಮಧ್ಯದಲ್ಲಿ ಸಿಕ್ಕಿಕೊಂಡಿರುತ್ತಾರೆ. ನಾನು ಆಪ್ತಸಮಾಲೋಚಕಿ. ಮಂಗಳೂರು, ಉಡುಪಿ ಎರಡೂ ಕಡೆ ಕೆಲಸ ಮಾಡುತ್ತೇನೆ. ಹಾಗೆ ಸಿಕ್ಕಿಕೊಂಡವರಿಗೆ, ಅವರ ಮನೆಯವರಿಗೆ ಚಿಕಿತ್ಸೆ ಹೇಗೆ ನಡೆಯುತ್ತದೆ ಎಂಬುದನ್ನು ಇವತ್ತು ನಿಮ್ಮ ಜೊತೆ ಮಾತಾಡುತ್ತೇನೆ.

ಮೊದಲು ದೇಹದ ವಿಷಯ. ಅಪಾಯ ಎದುರಾದಾಗ ಮಿದುಳಿನ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗ ತಟ್ಟನೆ ಎಚ್ಚರವಾಗುತ್ತದೆ. ನಾವು ಯೋಚನೆ ಮಾಡುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ. ಕೆಲವರು ಎದುರು ಬೀಳುತ್ತಾರೆ. ಕೆಲವರು ಓಡುತ್ತಾರೆ. ಇನ್ನು ಕೆಲವರು ನಿಂತಲ್ಲೇ ಮರಗಟ್ಟಿ ಹೋಗುತ್ತಾರೆ, ಸ್ವರವೇ ಹೊರಡುವುದಿಲ್ಲ. ಯಾರೂ ಇದನ್ನು ಆರಿಸಿಕೊಳ್ಳುವುದಿಲ್ಲ. ದೌರ್ಜನ್ಯಕ್ಕೆ ಒಳಗಾದ ಹುಡುಗಿಯನ್ನು "ನೀನು ಯಾಕೆ ಬೊಬ್ಬೆ ಹಾಕಲಿಲ್ಲ?" ಎಂದು ಕೇಳುವವರು ಈಗಲೂ ಇದ್ದಾರೆ. ದಯವಿಟ್ಟು ಕೇಳಬೇಡಿ. ಆ ಪ್ರಶ್ನೆಯನ್ನು ಅವಳು ತನಗೆ ತಾನೇ ಸಾವಿರ ಸಲ ಕೇಳಿಕೊಂಡಿರುತ್ತಾಳೆ. ಮನೆಯವರ ಬಾಯಲ್ಲೂ ಅದೇ ಬಂದರೆ ಅವಳಿಗೆ ಹೋಗಲು ಜಾಗವೇ ಇರುವುದಿಲ್ಲ.

ಎಲ್ಲರಿಗೂ ಚಿಕಿತ್ಸೆ ಬೇಕು ಅಂತ ನಾನು ಹೇಳುತ್ತಿಲ್ಲ. ಭಯಂಕರ ಘಟನೆಯೊಂದನ್ನು ಕಂಡ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ಒಂದು ತಿಂಗಳು ದಾಟಿದರೂ ಅದೇ ಕನಸು ಬೀಳುತ್ತಿದ್ದರೆ, ಸಣ್ಣ ಶಬ್ದಕ್ಕೂ ಬೆಚ್ಚಿಬೀಳುತ್ತಿದ್ದರೆ, ಆ ಜಾಗದ ಹತ್ತಿರವೂ ಹೋಗಲು ಆಗದಿದ್ದರೆ ಸಹಾಯ ತೆಗೆದುಕೊಳ್ಳಬೇಕು. ಇದಕ್ಕೆ ಪಿಟಿಎಸ್‌ಡಿ ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ ಎಂಬ ಹೆಸರು ವೈದ್ಯರ ಪಟ್ಟಿಗೆ ಬಂದದ್ದು 1980ರಲ್ಲಿ, ಅಮೆರಿಕದಲ್ಲಿ. ಕಷ್ಟ ಅದಕ್ಕಿಂತ ಎಷ್ಟೋ ಹಳೆಯದು.

2010ರ ಮೇ 22ರ ಬೆಳಗ್ಗೆ ನಮಗೆಲ್ಲ ನೆನಪಿದೆ. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ತೀರಿಕೊಂಡರು, 8 ಮಂದಿ ಬದುಕಿ ಬಂದರು. ಅಂಥ ದಿನ ಪೆಟ್ಟು ಬೀಳುವುದು ವಿಮಾನದಲ್ಲಿದ್ದವರಿಗೆ ಮಾತ್ರ ಅಲ್ಲ. ಓಡಿಬಂದು ಹೊತ್ತವರು, ಆಸ್ಪತ್ರೆಯಲ್ಲಿ ಗುರುತು ಹಿಡಿಯಲು ನಿಂತವರು, ಎಲ್ಲರೂ ಅದರಲ್ಲಿ ಸೇರುತ್ತಾರೆ. ದುರಂತ ಆದ ಕೂಡಲೇ ಎಲ್ಲರನ್ನೂ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿ ಹಿಂದೆ ಹಲವು ದೇಶಗಳಲ್ಲಿತ್ತು. ಅದರಿಂದ ಉಪಯೋಗ ಆಗಲಿಲ್ಲ, ಕೆಲವರಿಗೆ ಕಷ್ಟವೇ ಜಾಸ್ತಿಯಾಗಬಹುದು ಎಂದು ಆಮೇಲೆ ಗೊತ್ತಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡ ಎನ್ನುತ್ತದೆ. ಆ ಹೊತ್ತಿಗೆ ನೀರು ಕೊಡಿ. ಮನೆಯವರಿಗೆ ಫೋನ್ ಮಾಡಿಸಿ. ಪಕ್ಕದಲ್ಲಿ ಸುಮ್ನೆ ಕುಳಿತುಕೊಳ್ಳಿ. ಅವರು ಮಾತಾಡಿದರೆ ಕೇಳಿ.

ಈಗ ಮಲ್ಪೆ ಕಡೆಯ ಒಂದು ಜೋಡಿಯ ವಿಷಯ ಹೇಳುತ್ತೇನೆ. ಇದು ಯಾರೋ ಒಬ್ಬರ ಕಥೆ ಅಲ್ಲ. ಯಾರ ಗುರುತೂ ಸಿಗಬಾರದು ಎಂದು ಹಲವರ ಅನುಭವ ಸೇರಿಸಿ ಹೇಳುತ್ತಿದ್ದೇನೆ.

ಗಂಡ ಆಳಸಮುದ್ರ ಬೋಟಿನಲ್ಲಿ ಕೆಲಸಕ್ಕಿದ್ದವರು. ಒಂದು ರಾತ್ರಿ ಬೋಟಿಗೆ ನೀರು ನುಗ್ಗಿತು. ಇವರು ಉಳಿದರು, ಜೊತೆಗಿದ್ದ ಗೆಳೆಯ ಉಳಿಯಲಿಲ್ಲ. ಜೂನ್, ಜುಲೈಯ ಮೀನುಗಾರಿಕೆ ರಜೆ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಹೊರಟಾಗ ಇವರು ಹೊರಡಲಿಲ್ಲ. ರಾತ್ರಿ ನಿದ್ದೆ ಇಲ್ಲ. ಬಾಗಿಲು ದಢಾರ್ ಎಂದರೆ ಮಕ್ಕಳ ಮೇಲೆ ರೇಗುತ್ತಾರೆ. ಹೆಂಡತಿ ಮೀನು ಮಾರಿ ಮನೆ ನಡೆಸುತ್ತಾರೆ. ಅವರು ಬಂದದ್ದು ಗಂಡನ ಭಯಕ್ಕೆ ಮದ್ದು ಕೇಳಿಕೊಂಡಲ್ಲ. "ನನ್ನ ಹತ್ರ ಮಾತೇ ಆಡುವುದಿಲ್ಲ ಮೇಡಂ. ಏನಾದ್ರೂ ಕೇಳಿದ್ರೆ ಎದ್ದು ಹೋಗ್ತಾರೆ. ನಾನು ಬೇಡ ಆಗಿದ್ದೇನೆ ಅವರಿಗೆ" ಎಂದರು.

ಮೊದಲ ದಿನ ನಾನು ಸಮುದ್ರದ ಸುದ್ದಿಯನ್ನೇ ಎತ್ತುವುದಿಲ್ಲ. ಎಲ್ಲಿ ಕೂರುತ್ತೀರಿ ಎಂದು ಕೇಳುತ್ತೇನೆ. ಇಂಥವರು ಹೆಚ್ಚಾಗಿ ಬಾಗಿಲು ಕಾಣುವ ಕುರ್ಚಿಯನ್ನೇ ಆರಿಸುತ್ತಾರೆ. "ಬಾಗಿಲು ಹಾಕಲಾ, ತೆರೆದೇ ಇರಲಾ?" ಎಂದೂ ಕೇಳುತ್ತೇನೆ. "ಸ್ವಲ್ಪ ತೆರೆದೇ ಇರ್ಲಿ" ಎಂಬ ಉತ್ತರ ಬಂದರೆ ಬಾಗಿಲು ಸ್ವಲ್ಪ ತೆರೆದೇ ಇರುತ್ತದೆ. ಸಾಕು ಅನ್ನಿಸಿದಾಗ ಕೈ ಎತ್ತಿದರೆ ಸಾಕು, ಅಲ್ಲಿಗೇ ನಿಲ್ಲಿಸುತ್ತೇವೆ, ಕಾರಣ ಕೇಳುವುದಿಲ್ಲ ಎಂದು ಮೊದಲೇ ಮಾತು ಕೊಡುತ್ತೇನೆ. ಕೇಳಲು ಸಣ್ಣ ವಿಷಯ. ಆದರೆ ಆ ರಾತ್ರಿ ಅವರ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ನಿಲ್ಲಿಸುವ ಅಧಿಕಾರ ಅವರ ಕೈಯಲ್ಲೇ ಇರಬೇಕು. ಟ್ರಾಮಾ, ಅಂದರೆ ಮನಸ್ಸಿಗೆ ಬಿದ್ದ ಪೆಟ್ಟು, ಗೊತ್ತಿದ್ದು ಕೊಡುವ ಚಿಕಿತ್ಸೆಯ ಬುಡ ಇದೇ. ಜುಡಿತ್ ಹರ್ಮನ್ ಎಂಬ ಅಮೆರಿಕದ ಮನೋವೈದ್ಯೆ ಹೇಳಿದ ಕ್ರಮವೂ ಹೀಗೇ ಇದೆ. ಮೊದಲು ಭದ್ರತೆ. ಆಮೇಲೆ ನೆನಪು ಮತ್ತು ದುಃಖ. ಆಮೇಲೆ ಮತ್ತೆ ಜನರ ನಡುವಿನ ಬದುಕು.

ಭಾಷೆಯೂ ಭದ್ರತೆಯೇ. ಕನ್ನಡದಲ್ಲಿ ಹೂಂ, ಇಲ್ಲ ಎನ್ನುತ್ತಾ ಕುಳಿತವರು ತುಳುವಿನಲ್ಲಿ ಕೇಳಿದ ಕೂಡಲೇ ತಲೆ ಎತ್ತುವುದನ್ನು ಕಂಡಿದ್ದೇನೆ. ಬ್ಯಾರಿ, ಕೊಂಕಣಿ ಮನೆಮಾತಿನವರೂ ಹಾಗೆಯೇ. ಮನೆಮಾತು ಗೊತ್ತಿರುವ ಸಮಾಲೋಚಕರು ಬೇಕೆಂದು ಕೇಳಲು ಸಂಕೋಚ ಬೇಡ.

ಆ ಇಬ್ಬರ ಜಗಳ ನೋಡಿ. ಹೆಂಡತಿ ಕೇಳುತ್ತಾರೆ, ಗಂಡ ಎದ್ದು ಹೋಗುತ್ತಾರೆ. ಅವರು ಹೋದಷ್ಟೂ ಇವರು ಹಿಂದೆ ಹೋಗಿ ಜೋರಾಗಿ ಕೇಳುತ್ತಾರೆ. ಸ್ವರ ಏರಿದ ಕೂಡಲೇ ಅವರ ದೇಹಕ್ಕೆ ಮತ್ತೆ ಆ ರಾತ್ರಿಯದ್ದೇ ಭಯ. ಹೆಂಡತಿ ಹಿಂದೆ ಹೋಗುವುದು ಗಂಡನೂ ಕೈತಪ್ಪಿ ಹೋದರೆ ಎಂಬ ಹೆದರಿಕೆಯಿಂದ. ಗಂಡ ಹೊರಗೆ ಹೋಗುವುದು ಮನೆಯವರ ಮೇಲೆ ರೇಗಬಾರದು ಎಂದು. ಇಬ್ಬರ ಒಳಗೂ ಇರುವುದು ಭಯ, ಹೊರಗೆ ಕಾಣುವುದು ಮಾತ್ರ ಸಿಟ್ಟು. ಕೆನಡಾದ ಮನಶ್ಶಾಸ್ತ್ರಜ್ಞೆ ಸೂ ಜಾನ್ಸನ್ 1980ರ ದಶಕದಲ್ಲಿ ಬೆಳೆಸಿದ ದಂಪತಿ ಚಿಕಿತ್ಸೆ ಈ ಸುತ್ತನ್ನೇ ಹಿಡಿದು ಕೆಲಸ ಮಾಡುತ್ತದೆ. ಯಾರು ಸರಿ, ಯಾರು ತಪ್ಪು ಎಂದು ಅಲ್ಲಿ ತೀರ್ಪು ಕೊಡುವುದಿಲ್ಲ. ಈ ಸುತ್ತು ಇಬ್ಬರನ್ನೂ ಹೇಗೆ ಎಳೆದಾಡುತ್ತಿದೆ ಎಂದು ಇಬ್ಬರಿಗೂ ಕಾಣುವಂತೆ ಮಾಡುತ್ತದೆ.

ಮನೆಗೆ ಕೊಂಡುಹೋಗಲು ಕೆಲವು ಕೆಲಸಗಳಿರುತ್ತವೆ. ಕನಸಿನಲ್ಲಿ ಚೀರಿದರೆ ಮೈ ಹಿಡಿದು ಅಲುಗಾಡಿಸಬಾರದು. ಸ್ವಲ್ಪ ದೂರ ನಿಂತು, ಲೈಟ್ ಹಾಕಿ, ಕರೆದು, "ಮನೆಯಲ್ಲೇ ಇದ್ದೀರಿ" ಎನ್ನಬೇಕು. ಗಂಡ ಸುಮ್ನೆ ಎದ್ದು ಹೋಗುವಂತಿಲ್ಲ. "ಈಗ ಆಗುವುದಿಲ್ಲ, ಅರ್ಧ ಗಂಟೆ ಬಿಟ್ಟು ಮಾತಾಡುವ" ಎಂದು ಹೇಳಿ ಹೋಗಬೇಕು, ಅರ್ಧ ಗಂಟೆಗೆ ಸರಿಯಾಗಿ ವಾಪಸ್ ಬರಬೇಕು. ವಾಪಸ್ ಬರುವುದೇ ಮುಖ್ಯ. ಎದೆ ಹೊಡೆದುಕೊಂಡಾಗ ಪಾದ ನೆಲಕ್ಕೆ ಊರಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಬೇಕು. ಫ್ಯಾನ್, ಕ್ಯಾಲೆಂಡರ್, ಮಗನ ಚೀಲ, ಹೀಗೆ. ಆಗ ತಾನು ಇರುವುದು ಇಲ್ಲಿ, ಈ ಹೊತ್ತಿನಲ್ಲಿ ಎಂದು ಮನಸ್ಸಿಗೆ ನಾಟುತ್ತದೆ.

ಹಲವು ಭೇಟಿ ಆದ ಮೇಲೆ ಮಾತು ತಾನಾಗಿ ಬಂತು. ಅಲೆಯ ಸುದ್ದಿ ಮೊದಲು ಬರಲಿಲ್ಲ. ಒಂದು ಮೊಬೈಲ್ ಚಾರ್ಜರ್‌ನ ಸುದ್ದಿ ಬಂತು. ಹೊರಡುವ ಮೊದಲು ಗೆಳೆಯನಿಂದ ತಂದದ್ದು, ಮನೆಯಲ್ಲೇ ಉಳಿದಿತ್ತು. ಅವನ ಹೆಂಡತಿಯ ಎದುರು ಅದನ್ನು ಹೇಗೆ ಹಿಡಿಯಲಿ, ಅವನು ಹೋಗಿ ನಾನು ಯಾಕೆ ಉಳಿದೆ ಎಂದು ಕೇಳಿದರೆ ಏನು ಹೇಳಲಿ ಎಂದು ಅಷ್ಟು ದಿನ ಒಳಗೇ ಬೇಯುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಕೊಟ್ಟು ಬಂದರು. ಗಂಡ ಮತ್ತೆ ಬೋಟು ಹತ್ತಿಲ್ಲ, ಬಂದರಿನಲ್ಲಿ ಬಲೆ ಸರಿಮಾಡುವ ಕೆಲಸ ಮಾಡುತ್ತಾರೆ. ಕಡಲಿಗೆ ಮರಳಿದರೆ ಮಾತ್ರ ಗುಣ ಆದ ಹಾಗೆ ಎಂದು ನಾನು ಎಣಿಸುವುದಿಲ್ಲ. ರಾತ್ರಿ ನಿದ್ದೆ ಬರುತ್ತದೆ, ಮನೆಯಲ್ಲಿ ಮಾತು ಇದೆ. ಅದು ದೊಡ್ಡದು.

ಇದಕ್ಕಿಂತ ಕಷ್ಟದ ದುಃಖ ಒಂದುಂಟು. ಹೋದವರು ಬರಲೂ ಇಲ್ಲ, ಶವವೂ ಸಿಗಲಿಲ್ಲ ಎನ್ನುವಂಥದ್ದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅದರ ಅವಶೇಷ ಪತ್ತೆಯಾದದ್ದು 2019ರ ಮೇಯಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದಲ್ಲಿ. ಅಷ್ಟು ತಿಂಗಳು ಈ ಕರಾವಳಿಯೇ ಕಾದಿತ್ತು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪಾಲಿನ್ ಬಾಸ್ ಎಂಬವರು ಈ ಥರದ ದುಃಖವನ್ನು ಬೇರೆಯೇ ಎಂದು ಗುರುತಿಸಿದರು. ಇಲ್ಲಿ ಅಳುವುದೂ ದ್ರೋಹ ಅನ್ನಿಸುತ್ತದೆ, ಕಾಯುವುದೂ ಹುಚ್ಚು ಅನ್ನಿಸುತ್ತದೆ. ಒಂದೇ ಮನೆಯಲ್ಲಿ ಅಮ್ಮ ಕಾಯುತ್ತಾರೆ, ಅಣ್ಣ ಮುಗಿಯಿತು ಎನ್ನುತ್ತಾನೆ. ಆಟಿ ತಿಂಗಳಲ್ಲಿ, ಗತಿಸಿದವರಿಗೆ ಎಲೆ ಹಾಕಿ ಬಡಿಸುವಾಗ, ಕಾಣೆಯಾದವನಿಗೂ ಒಂದು ಎಲೆ ಹಾಕಬೇಕೋ ಬೇಡವೋ ಎಂಬುದೇ ಜಗಳ ಆಗುತ್ತದೆ. ಅಂಥಲ್ಲಿ ನಾವು ಒಬ್ಬರನ್ನು ಇನ್ನೊಬ್ಬರ ದಾರಿಗೆ ಎಳೆಯುವುದಿಲ್ಲ. ಇಬ್ಬರೂ ಒಂದೇ ಸೂರಿನಡಿ ಬೇರೆ ಬೇರೆ ರೀತಿಯಲ್ಲಿ ದುಃಖಿಸಬಹುದು ಎಂದು ಎಲ್ಲರೂ ಒಪ್ಪುವವರೆಗೆ ಜೊತೆಗೆ ಕೂರುತ್ತೇವೆ.

ದೈವದ ಹತ್ತಿರ ಕೇಳುವುದು, ನೂಲು ಕಟ್ಟಿಸುವುದು ಬಿಡಬೇಕಾ ಎಂದು ಹಲವರು ಕೇಳುತ್ತಾರೆ. ಬಿಡಬೇಡಿ. ಊರಿನವರೆಲ್ಲ ಸೇರಿ ದುಃಖ ಹಂಚಿಕೊಳ್ಳುವ ದಾರಿ ನಮ್ಮ ತುಳುನಾಡಿನಲ್ಲಿ ಮೊದಲಿನಿಂದಲೂ ಉಂಟು. ಅದರ ಜೊತೆಗೆ ಚಿಕಿತ್ಸೆಯೂ ನಡೆಯಲಿ. ಮನೆಯವರನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವುದೂ ನಮ್ಮ ದೇಶಕ್ಕೆ ಹೊಸತಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾ ಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು.

ಆದರೆ ಎಲ್ಲರನ್ನೂ ಒಟ್ಟಿಗೆ ಕೂರಿಸುವುದು ಯಾವಾಗಲೂ ಸರಿಯಲ್ಲ. ಮನೆಯಲ್ಲಿ ಹೊಡೆತ ಇನ್ನೂ ನಡೆಯುತ್ತಿದ್ದರೆ ಗಂಡ ಹೆಂಡತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮನಸ್ಸು ಬಿಚ್ಚಿ ಮಾತಾಡಿ ಎನ್ನಬಾರದು. ಇಲ್ಲಿ ಹೇಳಿದ ಮಾತಿಗೆ ಮನೆಗೆ ಹೋದ ಮೇಲೆ ಪೆಟ್ಟು ಬೀಳುತ್ತದೆ. ಅದಕ್ಕೇ ನಾನು ಮೊದಲು ಇಬ್ಬರನ್ನೂ ಬೇರೆ ಬೇರೆ ಕಾಣುತ್ತೇನೆ. "ಮನೆಯಲ್ಲಿ ಹೆದರಿಕೆ ಉಂಟಾ?" ಎಂದು ನೇರವಾಗಿ ಕೇಳುತ್ತೇನೆ. ಉಂಟು ಎಂದಾದರೆ ದಂಪತಿ ಚಿಕಿತ್ಸೆ ಅಲ್ಲಿಗೆ ನಿಲ್ಲುತ್ತದೆ. ಆಗ ಬೇಕಾಗುವುದು ರಕ್ಷಣೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, ಕಷ್ಟದಲ್ಲಿರುವ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ ಇದೆ, 181 ಸಹಾಯವಾಣಿ ಇದೆ. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ.

ಮಕ್ಕಳ ವಿಷಯದಲ್ಲೂ ಒಂದು ಮಾತು. ಮಗುವಿಗೆ ಲೈಂಗಿಕ ದೌರ್ಜನ್ಯ ಆಗಿದ್ದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ನಾವು ಅದನ್ನು ತಿಳಿಸಲೇಬೇಕು. ಹಾಗಾಗಿ ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಸುಳ್ಳು ಭರವಸೆ ಕೊಡುವುದಿಲ್ಲ. ಯಾರಿಗೆ ಹೇಳುತ್ತೇವೆ, ಯಾಕೆ ಹೇಳುತ್ತೇವೆ ಎಂದು ಮೊದಲೇ ತಿಳಿಸುತ್ತೇವೆ. ಮುಂದೆ ಮದುವೆ ಸಂಬಂಧಕ್ಕೆ ತೊಂದರೆ ಆಗ್ತದೆ ಎಂದು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟಾಗ ಮಗು ಕಲಿಯುವುದು ಒಂದೇ, ತಪ್ಪು ನನ್ನದು ಅಂತ. ಮಕ್ಕಳ ಸಹಾಯವಾಣಿ 1098.

ಒಬ್ಬರೇ ಬಂದರೂ ಚಿಕಿತ್ಸೆ ಉಂಟು. ಆಘಾತದ ನೆನಪಿನ ಮೇಲೆಯೇ ಕೆಲಸ ಮಾಡುವ ವರ್ತನಾ ಚಿಕಿತ್ಸೆಯನ್ನೂ, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಪದ್ಧತಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದೆ. ಎರಡನ್ನೂ ತರಬೇತಾದವರೇ ಮಾಡಬೇಕು. ಕೆಲವರಿಗೆ ಮನೋವೈದ್ಯರು ಮಾತ್ರೆಯನ್ನೂ ಕೊಡುತ್ತಾರೆ.

ಎಲ್ಲಿಂದ ಶುರು ಮಾಡುವುದು ಅಂತ ನೀವು ಕೇಳಬಹುದು. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಂಗಳೂರಿನವರು ವೆನ್‌ಲಾಕ್ ಆಸ್ಪತ್ರೆಗೆ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಿ ಮನೋರೋಗ ವಿಭಾಗ ಎಂದು ಕೇಳಿ. ಖಾಸಗಿಯಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಉಂಟಾ ಎಂದು ವಿಚಾರಿಸಿ. ಕೇಳುವುದು ನಿಮ್ಮ ಹಕ್ಕು. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಮೊದಲ ಭೇಟಿಗೆ ಹೋಗುವಾಗ ಹೇಳಬೇಕಾದದ್ದನ್ನು ಸಾಲಾಗಿ ನೆನಪು ಮಾಡಿಕೊಂಡು ಹೋಗಬೇಕಾಗಿಲ್ಲ. "ನಿದ್ದೆ ಬರುವುದಿಲ್ಲ" ಎಂದಷ್ಟೇ ಹೇಳಿದರೂ ಸಾಕು. ಅವಸರ ಮಾಡಿ ಎಲ್ಲ ಬಿಡಿಸಿ ಕೇಳುವವರು ಸಿಕ್ಕಿದರೆ, "ಈಗ ಬೇಡ" ಎಂದು ಹೇಳಿ. ಆ ಮಾತಿಗೆ ಬೆಲೆ ಕೊಡದಿದ್ದರೆ ಅಲ್ಲಿಂದ ಎದ್ದು ಬೇರೆಯವರ ಹತ್ತಿರ ಹೋಗಿ.

ನಮಸ್ಕಾರ.