ಪುಸ್ತಕದಂಗಡಿಗೆ ಕನಿಕರ ಬೇಡ

ಕೈಗೆ ಸಿಕ್ಕ ಯಾವುದಾದರೂ ಹೊಸ ಪುಸ್ತಕ ತೆಗೆದುಕೊಂಡು ಹಿಂಬದಿ ನೋಡಿ. ಕೆಳಗಡೆ ಒಂದು ಬಾರ್‌ಕೋಡ್, ಅದರ ಜೊತೆ 13 ಅಂಕಿಗಳ ಒಂದು ನಂಬರ್ ಇರುತ್ತದೆ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ, ತಡೀರಿ. ಹಾಂ, ಇದೇ. ಐಎಸ್‌ಬಿಎನ್. ಇಡೀ ಜಗತ್ತಿನಲ್ಲಿ ಈ ನಂಬರ್ ಇರುವುದು ಈ ಪುಸ್ತಕದ ಈ ಆವೃತ್ತಿಗೆ ಮಾತ್ರ.

ಇದು ಹುಟ್ಟಿದ್ದು ಅಂಗಡಿಯವರ ಅನುಕೂಲಕ್ಕೆ. 1960ರ ದಶಕದಲ್ಲಿ ಬ್ರಿಟನ್ನಿನ ದೊಡ್ಡ ಪುಸ್ತಕ ವ್ಯಾಪಾರಿ ಸಂಸ್ಥೆ ಡಬ್ಲ್ಯೂಎಚ್ ಸ್ಮಿತ್ ತನ್ನ ಗೋದಾಮಿನ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಹೊರಟಿತ್ತು. ಒಂದೇ ಹೆಸರಿನ ಎಷ್ಟೋ ಪುಸ್ತಕಗಳು, ಒಂದೇ ಪುಸ್ತಕಕ್ಕೆ ಎಷ್ಟೋ ಆವೃತ್ತಿಗಳು. ಗೊಂದಲ ಬೇಡ ಎಂದು ಪ್ರತಿಯೊಂದಕ್ಕೂ 9 ಅಂಕಿಗಳ ನಂಬರ್ ಕೊಟ್ಟರು. 1970ರಲ್ಲಿ ಅದು 10 ಅಂಕಿಗಳಾಗಿ ಜಗತ್ತಿನ ಪದ್ಧತಿಯಾಯಿತು. 2007ರಿಂದ 13 ಅಂಕಿ.

ಈಗ ಅದೇ ನಂಬರ್ ಅಂಗಡಿಗೆ ಮುಳುವಾಗಿದೆ. ಗಿರಾಕಿ ಒಳಗೆ ಬರುತ್ತಾನೆ. ಪುಸ್ತಕ ಎತ್ತಿಕೊಳ್ಳುತ್ತಾನೆ, ನಾಲ್ಕು ಪುಟ ಓದುತ್ತಾನೆ, ಅಂಗಡಿಯವರ ಹತ್ತಿರ ಎರಡು ಮಾತಾಡುತ್ತಾನೆ. ಆಮೇಲೆ ಫೋನ್ ತೆಗೆದು ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾನೆ. ಅಲ್ಲಿ ಕಡಿಮೆ ಬೆಲೆ ಕಾಣುತ್ತದೆ. ಪುಸ್ತಕವನ್ನು ವಾಪಸ್ ಕಪಾಟಿಗೆ ಸೇರಿಸಿ ಹೊರಗೆ ಹೋಗುತ್ತಾನೆ. ಕೆಲವರು ಅದನ್ನು ಸರಿಯಾದ ಜಾಗದಲ್ಲೂ ಇಡುವುದಿಲ್ಲ, ಅದು ಬೇರೆ ಮಾತು.

ಅಮೆಜಾನ್ ಆನ್‌ಲೈನ್ ವ್ಯಾಪಾರ ಶುರು ಮಾಡಿದ್ದೇ ಪುಸ್ತಕದಿಂದ ಯಾಕೆ ಎಂದು ಯೋಚಿಸಿದ್ದೀರಾ? ಜೆಫ್ ಬೆಜೋಸ್ 1994ರಲ್ಲಿ ಅಮೆಜಾನ್ ಕಂಪನಿ ಕಟ್ಟಿದ್ದು, 1995ರ ಜುಲೈನಲ್ಲಿ ಸೈಟ್ ತೆರೆದದ್ದು. ಆಗ ಅಲ್ಲಿ ಸಿಗುತ್ತಿದ್ದದ್ದು ಪುಸ್ತಕ ಮಾತ್ರ. ಸಾಹಿತ್ಯದ ಮೇಲಿನ ಪ್ರೀತಿಗೆ ಆರಿಸಿಕೊಂಡ ಸರಕೇನೂ ಅಲ್ಲ ಅದು. ಲೆಕ್ಕ ಹಾಕಿ ಆರಿಸಿದ್ದು. ಬೇರೆ ಯಾವ ಸರಕಿನಲ್ಲೂ ಇಷ್ಟು ಲಕ್ಷ ಲಕ್ಷ ಬಗೆ ಇಲ್ಲ. ಎಷ್ಟೇ ದೊಡ್ಡ ಅಂಗಡಿ ಕಟ್ಟಿದರೂ ಎಲ್ಲವನ್ನೂ ಇಡಲು ಆಗುವುದಿಲ್ಲ, ಆದರೆ ವೆಬ್‌ಸೈಟಿನ ಪಟ್ಟಿಗೆ ಗೋಡೆಯೇ ಇಲ್ಲ. ಪುಸ್ತಕ ಕೊಳೆಯುವುದಿಲ್ಲ. ಅಂಚೆಯಲ್ಲಿ ಸುಲಭವಾಗಿ ಹೋಗುತ್ತದೆ. ಸೈಜ್ ಸರಿಯಿಲ್ಲ ಎಂದು ಯಾರೂ ವಾಪಸ್ ಕಳಿಸುವುದಿಲ್ಲ. ಮೇಲಾಗಿ ಪ್ರತಿಯೊಂದಕ್ಕೂ ನಂಬರ್ ರೆಡಿಯಾಗಿಯೇ ಇತ್ತು!

ಇದರ ಜೊತೆ ಇನ್ನೊಂದು ವಿಷಯ ಇತ್ತು, ತೆರಿಗೆ. ಕಂಪನಿ ನೆಲೆಯೂರಿದ್ದು ಸಿಯಾಟಲ್‌ನಲ್ಲಿ. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಒಂದು ರಾಜ್ಯದಲ್ಲಿ ನಿಮ್ಮ ಅಂಗಡಿಯೋ ಗೋದಾಮೋ ಇಲ್ಲದಿದ್ದರೆ ಅಲ್ಲಿನ ಗಿರಾಕಿಯಿಂದ ನೀವು ಮಾರಾಟ ತೆರಿಗೆ ವಸೂಲಿ ಮಾಡಬೇಕಿಲ್ಲ ಎಂದು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಜನಸಂಖ್ಯೆ ಅಷ್ಟೇನೂ ಇಲ್ಲ. ಹಾಗಾಗಿ ಆರಂಭದ ವರ್ಷಗಳಲ್ಲಿ ದೇಶದ ಬಹುಪಾಲು ಗಿರಾಕಿಗಳಿಗೆ ಬಿಲ್‌ನಲ್ಲಿ ತೆರಿಗೆಯೇ ಬೀಳುತ್ತಿರಲಿಲ್ಲ. ಬೀದಿಯಲ್ಲಿ ಅಂಗಡಿ ಇಟ್ಟವರು ಮಾತ್ರ ತೆರಿಗೆ ಹಾಕಲೇಬೇಕು. ಆ ತೀರ್ಪು ಬಿದ್ದುಹೋದದ್ದು 2018ರಲ್ಲಿ. ಅಷ್ಟರಲ್ಲಿ ಎಷ್ಟು ಅಂಗಡಿಗಳು ಬಾಗಿಲು ಹಾಕಿದ್ದವೋ!

ಅದಕ್ಕೇ "ಕಾಲ ಬದಲಾಯಿತು, ಅಂಗಡಿ ಮುಚ್ಚಿತು" ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕಾಲ ಅದರ ಪಾಡಿಗೆ ಅದು ಬದಲಾಗಲಿಲ್ಲ. ನಿಯಮ ಒಂದು ಕಡೆ ವಾಲಿತ್ತು.

ಈಗ ಬೆಲೆಯ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಓಡಿಸಬೇಡಿ ವಿಡಿಯೋನ. ಪುಸ್ತಕದ ಮುಖಬೆಲೆ 100 ಎಂದು ಇಟ್ಟುಕೊಳ್ಳೋಣ. ಅಂಗಡಿಯವರಿಗೆ ಅದರಲ್ಲಿ ಸುಮಾರು 40 ಕಮಿಷನ್ ಸಿಕ್ಕಿತು ಅನ್ನಿ. 40 ಅಂದರೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಅದರಲ್ಲೇ ಬಾಡಿಗೆ ಹೋಗಬೇಕು. ಸಂಬಳ ಹೋಗಬೇಕು. ಕರೆಂಟು, ಸಾಗಾಟ, ಕಳುವು, ಬೆರಳಚ್ಚು ಬಿದ್ದು ಹಾಳಾದ ಪ್ರತಿ, ಎಲ್ಲ ಅದರಲ್ಲೇ. ಕೊನೆಗೆ ಕೈಯಲ್ಲಿ ಉಳಿಯುವುದು ಚಿಲ್ಲರೆ. ಆನ್‌ಲೈನ್ ಕಂಪನಿ ಅದೇ ಪುಸ್ತಕವನ್ನು 65ಕ್ಕೆ ಮಾರಿತು ಎಂದುಕೊಳ್ಳಿ. ಅಂಗಡಿಯವರು ಅದನ್ನು ಕೊಂಡದ್ದೇ 60ಕ್ಕೆ. ಆ ಬೆಲೆಗೆ ಮಾರಿದರೆ ಬಾಡಿಗೆ ಕೈಯಿಂದ ಕಟ್ಟಬೇಕು. ಆನ್‌ಲೈನ್ ಕಂಪನಿಗೆ ಪುಸ್ತಕದಲ್ಲಿ ಲಾಭ ಬರಲೇಬೇಕು ಎಂದೇನಿಲ್ಲ. ಗಿರಾಕಿ ಒಂದು ಸಲ ಒಳಗೆ ಬಂದರೆ ಸಾಕು. ನಾಳೆ ಅವನಿಗೆ ಮಿಕ್ಸಿ ಮಾರಬಹುದು.

ಇದು ಸುಮ್ನೆ ಹೇಳುವ ಮಾತಲ್ಲ. ಬ್ರಿಟನ್ನಿನಲ್ಲಿ 1900ರಿಂದ ಪ್ರಕಾಶಕರ ನಡುವೆ ಒಂದು ಒಪ್ಪಂದ ಇತ್ತು. ಅವರು ಇಟ್ಟ ಬೆಲೆಗೇ ಎಲ್ಲ ಅಂಗಡಿಗಳೂ ಮಾರಬೇಕು ಎಂದು. 1990ರ ದಶಕದ ನಡುವಿನಲ್ಲಿ ಅದು ಕುಸಿಯಿತು. 1997ರಲ್ಲಿ ಅದನ್ನು ಕಾನೂನುಬಾಹಿರ ಎಂದೂ ಘೋಷಿಸಿದರು. ಮುಂದೆ ಸೂಪರ್‌ಮಾರ್ಕೆಟ್‌ಗಳು ಚೆನ್ನಾಗಿ ಓಡುವ ಪುಸ್ತಕಗಳನ್ನು ಮಾತ್ರ ರಾಶಿ ಹಾಕಿ ಸೋವಿಯಲ್ಲಿ ಮಾರತೊಡಗಿದವು. ಸಣ್ಣ ಅಂಗಡಿಗೆ ಅದೇ ದೊಡ್ಡ ಪೆಟ್ಟು. ಹೆಚ್ಚು ಓಡುವ ಪುಸ್ತಕದ ಗಳಿಕೆಯಲ್ಲೇ ಅವರು ನಿಧಾನಕ್ಕೆ ಮಾರಾಟವಾಗುವ ಕವನಸಂಕಲನವನ್ನು ಕಪಾಟಿನಲ್ಲಿ ಉಳಿಸಿಕೊಳ್ಳುತ್ತಿದ್ದರು.

ಫ್ರಾನ್ಸ್ ಇದಕ್ಕೆ ತದ್ವಿರುದ್ಧ. ಅಲ್ಲಿ 1981ರಲ್ಲೇ ಕಾನೂನು ಬಂತು. ಹೊಸ ಪುಸ್ತಕಕ್ಕೆ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ಆನ್‌ಲೈನ್ ಬಂದ ಮೇಲೆ ಆಟ ಶುರುವಾಯಿತು ನೋಡಿ, ನನಗೆ ಇದು ಭಾರಿ ಇಷ್ಟದ ಕಥೆ. ಬೆಲೆ ಇಳಿಸಲು ಆಗದಿದ್ದರೆ ಏನಂತೆ, ಮನೆಗೆ ಪುಕ್ಕಟೆ ತಲುಪಿಸಿದರೂ ಅದು ರಿಯಾಯಿತಿಯೇ ತಾನೇ? 2014ರಲ್ಲಿ ಸರ್ಕಾರ ಅದನ್ನೂ ತಡೆಯಿತು. ಮನೆಗೆ ತಲುಪಿಸುವ ಪುಸ್ತಕಕ್ಕೆ ರಿಯಾಯಿತಿ ಇಲ್ಲ, ಸಾಗಾಟವೂ ಪುಕ್ಕಟೆ ಇರುವಂತಿಲ್ಲ ಎಂದಿತು. ಅಮೆಜಾನ್ ಏನು ಮಾಡಿತು ಗೊತ್ತಾ? ಸಾಗಾಟಕ್ಕೆ ಒಂದು ಸೆಂಟ್ ಶುಲ್ಕ ಇಟ್ಟಿತು. ಒಂದು ಯೂರೋದ ನೂರನೇ ಒಂದು ಪಾಲು! ಕಾನೂನಿನ ಪ್ರಕಾರ ಅದು ಪುಕ್ಕಟೆ ಅಲ್ಲವಲ್ಲ. ಸರ್ಕಾರ ಮತ್ತೆ ಕೂತು ಇನ್ನೊಂದು ನಿಯಮ ಬರೆಯಿತು. 2023ರ ಅಕ್ಟೋಬರ್‌ನಿಂದ 35 ಯೂರೋಗಿಂತ ಕಡಿಮೆ ಮೊತ್ತದ ಆರ್ಡರ್‌ಗೆ ಕನಿಷ್ಠ 3 ಯೂರೋ ಸಾಗಾಟ ಶುಲ್ಕ. ಜಗಳ ಅಲ್ಲಿಗೂ ಮುಗಿಯಲಿಲ್ಲ.

ಜರ್ಮನಿಯಲ್ಲೂ ಪುಸ್ತಕಕ್ಕೆ ಒಂದೇ ಬೆಲೆ. ಹಳೆಯ ಪದ್ಧತಿ, 2002ರಲ್ಲಿ ಕಾನೂನೇ ಆಯಿತು. ಅಂಗಡಿಯಲ್ಲಿ ಕೊಂಡರೂ ಅಷ್ಟೇ, ಆನ್‌ಲೈನ್‌ನಲ್ಲಿ ಕೊಂಡರೂ ಅಷ್ಟೇ. ಇಂಥ ಕಾನೂನಿನಿಂದ ಓದುಗನ ಜೇಬಿಗೆ ಭಾರ ಎಂದು ವಾದ ಮಾಡುವವರು ಇದ್ದಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಹತ್ತಿರದಲ್ಲಿ ಅಂಗಡಿಯೇ ಇಲ್ಲದವರಿಗೆ, ಮನೆಯಿಂದ ಹೊರಗೆ ಹೋಗಲು ಆಗದವರಿಗೆ, ಎಲ್ಲೂ ಸಿಗದ ಹಳೆಯ ಪುಸ್ತಕ ಹುಡುಕುವವರಿಗೆ ಆನ್‌ಲೈನ್ ನಿಜವಾಗಿಯೂ ಉಪಕಾರ ಮಾಡಿದೆ. ನಾನೂ ಅಲ್ಲಿಂದ ತರಿಸುತ್ತೇನೆ. ಆದರೆ ಬೆಲೆ ಎರಡೂ ಕಡೆ ಒಂದೇ ಆದಾಗ ಪೈಪೋಟಿ ಬೇರೆ ವಿಷಯಕ್ಕೆ ನಡೆಯುತ್ತದೆ. ಯಾರ ಹತ್ತಿರ ಒಳ್ಳೆಯ ಪುಸ್ತಕ ಇದೆ, ಯಾರಿಗೆ ಪುಸ್ತಕ ಗೊತ್ತು ಎನ್ನುವುದಕ್ಕೆ.

ಇನ್ನು ಅಂಗಡಿಗಳ ಕಡೆಯ ತಪ್ಪಿಗೆ ಬರೋಣ. ಬಾರ್ಡರ್ಸ್ ಎಂಬ ಅಮೆರಿಕದ ದೊಡ್ಡ ಸರಣಿ 2001ರಲ್ಲಿ ತನ್ನ ಆನ್‌ಲೈನ್ ಮಾರಾಟವನ್ನೇ ಅಮೆಜಾನ್ ಕೈಗೆ ಒಪ್ಪಿಸಿತು. ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ. ಸ್ವಂತ ಸೈಟ್ ಮಾಡಿಕೊಂಡದ್ದು 2008ರಲ್ಲಿ. 2011ರಲ್ಲಿ ದಿವಾಳಿ, ಅದೇ ವರ್ಷ ಎಲ್ಲ ಅಂಗಡಿಗಳೂ ಬಂದ್. ಬ್ರಿಟನ್ನಿನ ವಾಟರ್‌ಸ್ಟೋನ್ಸ್ 2012ರಲ್ಲಿ ತನ್ನ ಅಂಗಡಿಗಳಲ್ಲೇ ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನ ಕಿಂಡಲ್ ಮಾರಲು ಹೊರಟಿತು! ಬರಬರುತ್ತಾ ಕೊಳ್ಳುವವರೇ ಇಲ್ಲದಂತಾಯಿತು. 2015ರಲ್ಲಿ ಆ ಮೇಜುಗಳನ್ನು ಖಾಲಿ ಮಾಡಿ ಮತ್ತೆ ಕಾಗದದ ಪುಸ್ತಕ ಇಟ್ಟರು.

ಆದರೆ ವಾಟರ್‌ಸ್ಟೋನ್ಸ್ ಕಥೆಯಲ್ಲಿ ಕಲಿಯಲು ಬೇರೆಯೇ ಇದೆ. 2011ರಲ್ಲಿ ಅದು ಮುಳುಗುವ ಸ್ಥಿತಿಯಲ್ಲಿತ್ತು. ಆಗ ಅದನ್ನು ನಡೆಸಲು ಬಂದವರು ಜೇಮ್ಸ್ ಡಾಂಟ್. ಅದಕ್ಕೂ ಮೊದಲಿನಿಂದ ಲಂಡನ್ನಿನಲ್ಲಿ ತಮ್ಮದೇ ಪುಸ್ತಕದಂಗಡಿಗಳನ್ನು ನಡೆಸುತ್ತಿದ್ದವರು. ದೊಡ್ಡ ಸರಣಿ ಅಂಗಡಿಗಳಲ್ಲಿ ಒಂದು ಪದ್ಧತಿ ಇದೆ, ಹೊರಗಿನವರಿಗೆ ಗೊತ್ತಿರುವುದಿಲ್ಲ. ಬಾಗಿಲ ಹತ್ತಿರದ ಮೇಜಿನ ಮೇಲೆ, ಕಿಟಕಿಯಲ್ಲಿ ಇಟ್ಟಿರುವ ಪುಸ್ತಕ ಇದೆಯಲ್ಲ, ಆ ಜಾಗಕ್ಕೆ ಪ್ರಕಾಶಕರು ದುಡ್ಡು ಕೊಟ್ಟಿರುತ್ತಾರೆ. ನೀವು "ಅಂಗಡಿಯವರಿಗೆ ಇಷ್ಟವಾಗಿರಬೇಕು" ಎಂದುಕೊಳ್ಳುತ್ತೀರಿ. ಅದು ಜಾಹೀರಾತು. ಡಾಂಟ್ ಆ ದುಡ್ಡೇ ಬೇಡ ಎಂದರು. ಮುಳುಗುತ್ತಿರುವ ಕಂಪನಿ ಬರುವ ಹಣವನ್ನು ಬಿಟ್ಟುಕೊಡುವುದೆಂದರೆ ಹುಡುಗಾಟವಲ್ಲ. ಯಾವ ಪುಸ್ತಕ ಎಲ್ಲಿ ಇಡಬೇಕು ಎನ್ನುವುದನ್ನು ಆಯಾ ಅಂಗಡಿಯವರೇ ತೀರ್ಮಾನಿಸಲಿ ಎಂದು ಬಿಟ್ಟುಬಿಟ್ಟರು.

ಪುಸ್ತಕ ವ್ಯಾಪಾರದಲ್ಲಿ ಮಾರಾಟವಾಗದ ಪ್ರತಿಗಳನ್ನು ಪ್ರಕಾಶಕರಿಗೆ ವಾಪಸ್ ಕಳಿಸಬಹುದು. ಅಮೆರಿಕದಲ್ಲಿ ಇದು 1930ರ ದಶಕದ ಆರ್ಥಿಕ ಕುಸಿತದ ಕಾಲಕ್ಕೆ ರೂಢಿಗೆ ಬಂದ ವ್ಯವಸ್ಥೆ. ಕೇಳಲು ಚೆನ್ನಾಗಿದೆ. ಆದರೆ ತರಿಸಲು ಒಂದು ಖರ್ಚು, ಕಟ್ಟಿ ಕಳಿಸಲು ಇನ್ನೊಂದು ಖರ್ಚು, ನಡುವೆ ಕಪಾಟಿನ ಜಾಗ ದಂಡ. ಮೇಲಿನವರು ಹೇಳಿದ್ದನ್ನು ರಾಶಿ ಹಾಕುವ ಬದಲು ಅಂಗಡಿಯವರೇ ತಮ್ಮ ಗಿರಾಕಿಗಳನ್ನು ನೋಡಿ ಆರಿಸತೊಡಗಿದಾಗ, ವಾಪಸ್ ಹೋಗುವ ಪ್ರತಿಗಳು ಧಡಾರನೆ ಇಳಿದವು. ಕಂಪನಿ ಲಾಭಕ್ಕೆ ಬಂತು.

2019ರಲ್ಲಿ ಅದೇ ಡಾಂಟ್ ಅವರನ್ನು ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್‌ಗೆ ಕರೆಸಿದರು. ಅಲ್ಲಿಯೂ ಅದೇ ಮದ್ದು. ವರ್ಷ ವರ್ಷ ಅಂಗಡಿ ಮುಚ್ಚುತ್ತಿದ್ದ ಆ ಸರಣಿ 2024ರಲ್ಲಿ 50ಕ್ಕೂ ಹೆಚ್ಚು ಹೊಸ ಅಂಗಡಿ ತೆರೆದಿದೆ.

ಹಾಗೆಂದು ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡಿ. 2019ರಲ್ಲೇ ವಾಟರ್‌ಸ್ಟೋನ್ಸ್ ನೌಕರರು ಬದುಕಲು ಸಾಕಾಗುವಷ್ಟು ಸಂಬಳ ಕೊಡಿ ಎಂದು ಮನವಿ ಸಲ್ಲಿಸಿದ್ದರು. ಸಾವಿರಕ್ಕೂ ಹೆಚ್ಚು ಲೇಖಕರು ಅದಕ್ಕೆ ಬೆಂಬಲ ಕೊಟ್ಟರು. ಅಂಗಡಿ ಉಳಿದದ್ದು ಕೌಂಟರಿನ ಹಿಂದೆ ನಿಂತವರ ತಿಳಿವಳಿಕೆಯಿಂದ. ಆ ತಿಳಿವಳಿಕೆಗೆ ಬೆಲೆ ಕಟ್ಟುವಾಗ ಮಾತ್ರ ಕೈ ಬಿಗಿ. ಈ ಪ್ರಶ್ನೆಗೆ ಡಾಂಟ್ ಹತ್ತಿರವೂ ಒಳ್ಳೆಯ ಉತ್ತರ ಇರಲಿಲ್ಲ.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದ ಇನ್ನೊಂದು ಪ್ರಯೋಗ ಇದೆ. 2015ರಲ್ಲಿ ಅಮೆಜಾನ್ ತಾನೇ ಸಿಯಾಟಲ್‌ನಲ್ಲಿ ಒಂದು ಪುಸ್ತಕದಂಗಡಿ ತೆರೆಯಿತು. ಹೌದು, ಗೋಡೆ, ಬಾಗಿಲು, ಕಪಾಟು ಎಲ್ಲ ಇರುವ ಅಂಗಡಿ. ಸೈಟಿನಲ್ಲಿ ಯಾವುದಕ್ಕೆ ಹೆಚ್ಚು ಸ್ಟಾರ್ ಬಿದ್ದಿದೆ, ಯಾವುದು ಹೆಚ್ಚು ಮಾರಾಟವಾಗಿದೆ ಎಂದು ನೋಡಿ ಪುಸ್ತಕ ಆರಿಸಿದರು. ಎಲ್ಲ ಪುಸ್ತಕಗಳನ್ನೂ ಮುಖಪುಟ ಕಾಣುವ ಹಾಗೆ ಇಟ್ಟರು. ದುಡ್ಡಿಗೆ ಬರವಿಲ್ಲ, ಗಿರಾಕಿಗಳ ಅಷ್ಟೂ ಮಾಹಿತಿ ಕೈಯಲ್ಲಿದೆ. 2022ರಲ್ಲಿ ಅಷ್ಟೂ ಪುಸ್ತಕದಂಗಡಿಗಳನ್ನು ಮುಚ್ಚುವುದಾಗಿ ಹೇಳಿದರು. ನನ್ನ ಲೆಕ್ಕದಲ್ಲಿ ಕಾರಣ ಸರಳ. ಆಗಲೇ ಎಲ್ಲರಿಗೂ ಗೊತ್ತಿರುವ ಪುಸ್ತಕ ನೋಡಲು ಯಾರು ಅಷ್ಟು ದೂರ ಬರುತ್ತಾರೆ?

ಶೀರ್ಷಿಕೆಯಲ್ಲಿ ಕನಿಕರ ಬೇಡ ಎಂದೆನಲ್ಲ, ಅದಕ್ಕೆ ಬರುತ್ತೇನೆ. 2020ರಲ್ಲಿ ಎಲ್ಲ ಬಂದ್ ಆದಾಗ ಪ್ಯಾರಿಸ್‌ನ ಷೇಕ್ಸ್‌ಪಿಯರ್ ಅಂಡ್ ಕಂಪನಿ ಎಂಬ ಪುಸ್ತಕದಂಗಡಿ ಓದುಗರ ಮುಂದೆ ಕಷ್ಟ ಹೇಳಿಕೊಂಡಿತು. ಮಾರ್ಚ್‌ನಿಂದ ವ್ಯಾಪಾರ ಶೇಕಡಾ 80ರಷ್ಟು ಬಿದ್ದುಹೋಗಿದೆ ಎಂದು. ನ್ಯೂಯಾರ್ಕಿನ ಸ್ಟ್ರ್ಯಾಂಡ್ ಕೂಡ ಅದೇ ಸಮಯಕ್ಕೆ ಕೇಳಿಕೊಂಡಿತು. ಆರ್ಡರ್‌ಗಳು ಹರಿದುಬಂದವು. ಬಹಳ ಒಳ್ಳೆಯದೇ ಆಯಿತು. ಆದರೆ ಅವೆರಡೂ ಜಗತ್ತಿಗೆ ಗೊತ್ತಿರುವ ಹೆಸರುಗಳು. ಯಾವುದೋ ಗಲ್ಲಿಯ ಅಂಗಡಿ ಕೇಳಿಕೊಂಡರೆ ಎಷ್ಟು ಜನರಿಗೆ ಕೇಳಿಸುತ್ತದೆ? ಕೇಳಿಸಿದರೂ, ವರ್ಷಕ್ಕೆ ಎಷ್ಟು ಸಲ ಕೇಳಿಕೊಳ್ಳಲು ಆಗುತ್ತದೆ? "ಅಯ್ಯೋ, ಆ ಅಂಗಡಿ ಮುಚ್ಚಿಹೋಯ್ತಂತೆ" ಎಂದು ಮರುಗಿ ಸ್ಟೇಟಸ್ ಹಾಕುವವರಲ್ಲಿ ಹೆಚ್ಚಿನವರು ಅಲ್ಲಿ ಕೊನೆಯದಾಗಿ ಪುಸ್ತಕ ಕೊಂಡದ್ದು ಯಾವಾಗ ಎಂದು ಕೇಳಿ ನೋಡಿ. ಉತ್ತರ ಬರುವುದಿಲ್ಲ.

ಅದೇ 2020ರ ಜನವರಿಯಲ್ಲಿ ಅಮೆರಿಕದಲ್ಲಿ ಬುಕ್‌ಶಾಪ್ ಡಾಟ್ ಆರ್ಗ್ ಎಂಬ ಸೈಟ್ ಶುರುವಾಗಿತ್ತು. ಸಣ್ಣ ಅಂಗಡಿಯೊಂದು ಅಲ್ಲಿ ತನ್ನ ಪುಟ ತೆರೆಯಬಹುದು. ನೀವು ಆ ಪುಟದ ಮೂಲಕ ಕೊಂಡರೆ ಮುಖಬೆಲೆಯ ಶೇಕಡಾ 30 ಅಂಗಡಿಗೆ ಹೋಗುತ್ತದೆ. ದಾಸ್ತಾನು, ಪ್ಯಾಕಿಂಗ್, ಕಳಿಸುವುದು ಯಾವುದೂ ಅಂಗಡಿಯ ತಲೆನೋವಲ್ಲ. ಬಾಗಿಲು ಹಾಕಿದ್ದ ತಿಂಗಳುಗಳಲ್ಲಿ ಎಷ್ಟೋ ಅಂಗಡಿಗಳಿಗೆ ಉಸಿರು ಕೊಟ್ಟದ್ದು ಇದು. ನನಗೆ ಮೆಚ್ಚುಗೆಯಾದದ್ದು ಏನೆಂದರೆ, ಇಲ್ಲಿ ಯಾರೂ ಯಾರಿಗೂ ದಾನ ಮಾಡುತ್ತಿಲ್ಲ. ಪುಸ್ತಕ ಬೇಕಿತ್ತು, ಕೊಂಡರು, ಅಷ್ಟೇ.

ಕ್ಯಾಮೆರಾ ಹಿಡಿದು ಅಂಗಡಿಗೆ ನುಗ್ಗುವ ನನ್ನಂಥವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪೋರ್ಚುಗಲ್‌ನ ಪೋರ್ಟೋ ನಗರದಲ್ಲಿ ಲೆಲ್ಲೊ ಎಂಬ ಪುಸ್ತಕದಂಗಡಿ ಇದೆ. 1906ರ ಕಟ್ಟಡ. ಒಳಗಿನ ಕೆಂಪು ಮೆಟ್ಟಿಲನ್ನು ನೀವು ಎಲ್ಲಾದರೂ ಫೋಟೋದಲ್ಲಿ ನೋಡೇ ಇರುತ್ತೀರಿ. ಜನ ಸಾಲುಗಟ್ಟಿ ಬರುತ್ತಿದ್ದರು, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಪುಸ್ತಕ ಕೊಳ್ಳಲು ಬಂದವರಿಗೆ ನಿಲ್ಲಲು ಜಾಗ ಇಲ್ಲ. 2015ರಲ್ಲಿ ಅವರು ಪ್ರವೇಶಕ್ಕೆ ಟಿಕೆಟ್ ಇಟ್ಟುಬಿಟ್ಟರು. ಪುಸ್ತಕ ಕೊಂಡರೆ ಆ ಹಣವನ್ನು ಬಿಲ್‌ನಲ್ಲಿ ಕಳೆಯುತ್ತಾರೆ. ಜಂಬ ಎಂದು ಬೈದವರಿದ್ದಾರೆ. ನನಗಂತೂ ಪೂರ್ತಿ ಸರಿ ಎನ್ನಿಸಿತು.

ಈ ಚಾನೆಲ್‌ನಲ್ಲಿ ನಾನು ಇಟ್ಟುಕೊಂಡಿರುವ ಕ್ರಮವೂ ಅದೇ. ಅಂಗಡಿಯೊಳಗೆ ಶೂಟ್ ಮಾಡುವ ಮುಂಚೆ ಕೇಳುತ್ತೇನೆ. ಮೊದಲು ಬಿಲ್, ಆಮೇಲೆ ಕ್ಯಾಮೆರಾ. ಬೇಕಾದ ಪುಸ್ತಕ ಅಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳುತ್ತೇನೆ. ತರಿಸಿಕೊಡುತ್ತಾರೆ, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಒಂದು ವಾರ ಆಗಬಹುದು. ಮನೆಯಲ್ಲಿ ಓದದೆ ಬಿದ್ದಿರುವ ಪುಸ್ತಕಗಳ ರಾಶಿ ನೋಡಿದರೆ, ಒಂದು ವಾರಕ್ಕೆ ಏನು ಅವಸರ ಹೇಳಿ?

ಮುಂದಿನ ವಿಡಿಯೋ ಹಳೆಯ ಪುಸ್ತಕಗಳ ವ್ಯಾಪಾರದ ಬಗ್ಗೆ. ಅಲ್ಲಿ ಬೆಲೆ ಕಟ್ಟುವ ಲೆಕ್ಕವೇ ಬೇರೆ. ನೀವು ಕೇಳದೇ ಇದ್ದ ಪುಸ್ತಕವನ್ನು ಕೈಗಿಟ್ಟು "ಇದನ್ನು ಓದಿ ನೋಡಿ" ಎಂದ ಅಂಗಡಿಯವರು ಯಾರಾದರೂ ಇದ್ದರೆ, ಆ ಪುಸ್ತಕದ ಹೆಸರನ್ನು ಕೆಳಗೆ ಬರೆಯಿರಿ. ಸಿಗ್ತೀನಿ.