ಬಂಗುಡೆಯ ರೇಟ್ ಗೊತ್ತು, ಇವಾಪೊರೇಷನ್ ರೇಟ್ ಯಾಕೆ ಗೊತ್ತಾಗುವುದಿಲ್ಲ?

(ಸ್ಕ್ರೀನ್ ಮೇಲೆ: ಮಂಗಳೂರು ದಕ್ಕೆ (ಮೀನುಗಾರಿಕಾ ಬಂದರು), ಮೀನಿನ ಬುಟ್ಟಿಗಳು, ಮೇಲೆ ಶೀರ್ಷಿಕೆ)

ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆ ಒಂದುಂಟು. ಏಳನೇವರೆಗೆ ಕನ್ನಡ ಮೀಡಿಯಂ, ವಿಜ್ಞಾನದಲ್ಲಿ ಒಳ್ಳೆ ಮಾರ್ಕು. ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇ ಹಾಕಿದ್ದು, ಮಾರ್ಕು ದಡಕ್ಕನೆ ಬಿತ್ತು. ಹಾಗಂತ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲೂ ಅಲ್ಲ. ಫ್ರೆಂಡ್ಸ್ ಹತ್ರ ಮಾತಾಡ್ತದೆ, ಕ್ರಿಕೆಟ್ ಕಾಮೆಂಟ್ರಿ ಅರ್ಥ ಆಗ್ತದೆ. ಮತ್ತೆ ಎಂತ ಪ್ರಾಬ್ಲೆಮ್?

ಬೇಸಿಕ್ಸ್ ಬೇಗ ಮುಗಿಸುವ. ಮಾತುಕತೆಯ ಭಾಷೆ ಬೇರೆ, ಪಾಠದ ಭಾಷೆ ಬೇರೆ ಅಂತ 1979ರಲ್ಲಿ ವಿಂಗಡಿಸಿ ತೋರಿಸಿದವರು ಕೆನಡಾದಲ್ಲಿ ಕೆಲಸ ಮಾಡಿದ ಭಾಷಾ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್. ಮಾತಿನ ಇಂಗ್ಲಿಷ್ ಸುಮಾರು ಎರಡು ವರ್ಷದಲ್ಲಿ ಕೂಡಿ ಬರ್ತದೆ, ಪಾಠದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು ಅಂತ ಅವರ ಲೆಕ್ಕ. ಅದೂ ಎಲ್ಲಿ? ಬೀದಿಯಲ್ಲೂ ಇಂಗ್ಲಿಷ್ ಕೇಳುವ ಊರಲ್ಲಿ. ನಮ್ಮಲ್ಲಿ ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ. ಎಷ್ಟೋ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿತದ್ದು. ಎಂಟಕ್ಕೆ ಮೀಡಿಯಂ ಬದಲಾದ್ರೆ ಎಸ್ಸೆಸ್ಸೆಲ್ಸಿಗೆ ಕೈಯಲ್ಲಿರುವುದು ಮೂರೇ ವರ್ಷ.

ಸರಿ, ಆ ಮೂರು ವರ್ಷದಲ್ಲಿ ಯಾವ ಪದಗಳ ಮೇಲೆ ಬೆವರು ಸುರಿಸ್ಬೇಕು? ಎಲ್ಲರೂ ಬೀಳುವುದು ಫೋಟೋಸಿಂಥೆಸಿಸ್, ಮೈಟೋಕಾಂಡ್ರಿಯಾ ಮೇಲೆ. ಆದ್ರೆ ಅವು ಅಷ್ಟು ಕಷ್ಟದವಲ್ಲ ಮಾರಾಯ್ರೆ. ಅವು ಕ್ಲಾಸಿನಲ್ಲಿ ಎಲ್ಲರಿಗೂ ಹೊಸತು, ಒಂದಕ್ಕೆ ಒಂದೇ ಅರ್ಥ, ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಇರ್ತವೆ, ಟೀಚರ್ ನಿಲ್ಲಿಸಿ ವಿವರಿಸ್ತಾರೆ. ಮಕ್ಕಳು ಎಡವುವುದು ಯಾರೂ ವಿವರಿಸದ ಸಣ್ಣ ಪದಗಳಿಗೆ: ರೇಟ್, ಅನ್‌ಲೆಸ್, ವೇರ್ಆ್ಯಸ್, ಡ್ಯೂ ಟು, ರೆಸ್ಪೆಕ್ಟಿವ್ಲಿ. ಇವುಗಳಲ್ಲಿ ಇವತ್ತು ಒಂದನ್ನೇ ಹಿಡ್ಕೊಳ್ಳುವ: ರೇಟ್.

(ಸ್ಕ್ರೀನ್ ಮೇಲೆ: ಎಡಕ್ಕೆ ಮೀನಿನ ತಕ್ಕಡಿ, ಬಲಕ್ಕೆ ನೀರಿನ ಬಟ್ಟಲು)

ಎನ್‌ಸಿಇಆರ್‌ಟಿಯ ಒಂಬತ್ತನೇ ಕ್ಲಾಸಿನ ‘ಮ್ಯಾಟರ್ ಇನ್ ಅವರ್ ಸರೌಂಡಿಂಗ್ಸ್’ ಪಾಠದಲ್ಲಿ ‘ರೇಟ್ ಆಫ್ ಇವಾಪೊರೇಷನ್’ ಅಂತ ಬರ್ತದೆ. ಇವಾಪೊರೇಷನ್ ಅಂದ್ರೆ ನೀರು ಆವಿಯಾಗಿ ಆರುವುದು. ನಮ್ಮ ಕರಾವಳಿಯ ಮಗುವಿಗೆ ರೇಟ್ ಅಂದ್ರೆ ಬೆಲೆ. ನೀರು ಆರುವುದಕ್ಕೂ ರೇಟ್ ಉಂಟಾ ಅಂತ ಅದಕ್ಕೆ ಅನಿಸಿದ್ರೆ ತಪ್ಪೇನಿಲ್ಲ. ತಮಾಷೆ ಅಂದ್ರೆ, ಆ ಅರ್ಥವನ್ನು ಅಳಿಸಬೇಕಾಗಿಯೇ ಇಲ್ಲ. ಅದರ ಮೇಲೆಯೇ ಪಾಠ ಕಟ್ಟಬಹುದು.

ಬಂಗುಡೆ ಮೂರು ಕೆಜಿ ತಗೊಂಡ್ರಿ, 600 ರೂಪಾಯಿ. ಅಂಜಲ್ ಅರ್ಧ ಕೆಜಿ ತಗೊಂಡ್ರಿ, ಅದೂ 600. ಕೊಟ್ಟ ದುಡ್ಡು ಒಂದೇ, ರೇಟ್ ಒಂದೇನಾ? ಟೀಚರುಗಳೇ, ಕ್ಲಾಸಿನಲ್ಲಿ ಕೇಳಿ ನೋಡಿ, ಹಿಂದಿನ ಬೆಂಚಿನವರೂ ಬಾಯಿ ಬಿಡ್ತಾರೆ: ಬಂಗುಡೆ ಕೆಜಿಗೆ 200, ಅಂಜಲ್ 1200. ‘ಕೆಜಿಗೆ’ ಅನ್ನುವುದನ್ನು ಬೋರ್ಡಿನಲ್ಲಿ ಬರೆದು ಗೆರೆ ಎಳೀರಿ. ಈಗ ಬಟ್ಟಲಿಗೆ ಬನ್ನಿ. ಅಗಲ ಬಟ್ಟಲಿನ 5 ಮಿಲಿಲೀಟರ್ ನೀರು 5 ಗಂಟೆಯಲ್ಲಿ ಆರಿತು, ಪ್ರನಾಳದ (ಟೆಸ್ಟ್ ಟ್ಯೂಬ್) 5 ಮಿಲಿಲೀಟರ್ ಆರಲು 50 ಗಂಟೆ ಹಿಡಿಯಿತು ಅಂತ ಇಟ್ಟುಕೊಳ್ಳಿ. ಹೋದ ನೀರು ಎರಡರಲ್ಲೂ ಅಷ್ಟೇ. ಆದ್ರೆ ಒಂದರಲ್ಲಿ ಗಂಟೆಗೆ 1 ಮಿಲಿಲೀಟರ್, ಇನ್ನೊಂದರಲ್ಲಿ ಗಂಟೆಗೆ 0.1. ‘ಕೆಜಿಗೆ’ ಇದ್ದ ಜಾಗದಲ್ಲಿ ‘ಗಂಟೆಗೆ’ ಬಂತು, ಅಷ್ಟೇ ವ್ಯತ್ಯಾಸ. ಎಷ್ಟು ನೀರು ಹೋಯ್ತು, ಎಷ್ಟು ವೇಗದಲ್ಲಿ ಹೋಯ್ತು ಅನ್ನುವುದನ್ನು ಮಕ್ಕಳು ಕಲಸಿಬಿಡುವುದು ಇಲ್ಲಿಯೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಮೀನಿನ ರೇಟ್ ಏರ್ತದೆ. ಅದೇ ಎರಡು ತಿಂಗಳು ಗಾಳಿಯಲ್ಲಿ ತೇವ ತುಂಬಿ ಇವಾಪೊರೇಷನ್ ರೇಟ್ ಇಳೀತದೆ. ಇದನ್ನು ಮರೆಯುವ ಮಗು ಮಂಗಳೂರಲ್ಲಿ ಸಿಕ್ಕಲಿಕ್ಕಿಲ್ಲ! ಹೋಲಿಕೆ ಇಲ್ಲಿಗೆ ಸಾಕು, ಚೌಕಾಸಿ ಮಾಡಿದ್ರೆ ನೀರು ಕೇಳುವುದಿಲ್ಲ.

ಇಷ್ಟು ಹೊತ್ತು ಒಂದೇ ಪದಕ್ಕೆ ಯಾಕೆ? ಆಕ್ಸಿಲರೇಷನ್ ಅಂದ್ರೆ ವೆಲಾಸಿಟಿ ಬದಲಾಗುವ ರೇಟ್. ಪವರ್ ಅಂದ್ರೆ ವರ್ಕ್ ಮಾಡುವ ರೇಟ್. ಹತ್ತನೇಯಲ್ಲಿ ಕರೆಂಟ್ ಅಂದ್ರೆ ಚಾರ್ಜ್ ಹರಿಯುವ ರೇಟ್. ಒಂದು ಪದ ಕೂತರೆ ಮೂರು ವ್ಯಾಖ್ಯಾನ ಬಾಯಿಪಾಠ ಮಾಡುವ ಗೋಳು ತಪ್ತದೆ.

ಈಗ ಪ್ರಯೋಗ. ಪುಸ್ತಕದಲ್ಲಿರುವ 5 ಮಿಲಿಲೀಟರಿನ ಚಟುವಟಿಕೆ ಜುಲೈಯಲ್ಲಿ ಒಂದು ಪಿರಿಯಡಿನಲ್ಲಿ ಮುಗಿಯುವುದಿಲ್ಲ, ಪ್ರನಾಳದ ನೀರು ದಿನಗಟ್ಟಲೆ ಹಾಗೇ ಇರ್ತದೆ. ಬದಲಿಗೆ ಕರಿಹಲಗೆ ಸಾಕು. ಬಟ್ಟೆ ಒದ್ದೆ ಮಾಡಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಎರಡಡಿ ಉದ್ದಕ್ಕೆ ಒಂದೇ ಸಲ ಎಳೀರಿ. ಆಮೇಲೆ ಒಣ ಬಟ್ಟೆಯಲ್ಲಿ ನಡುವಿನ ಒಂದು ಗೇಣು ಒರೆಸಿ. ಈಗ ಎರಡು ಒದ್ದೆ ತುಂಡು ಸಿಕ್ಕಿತು. ಬೇರೆ ಬೇರೆಯಾಗಿ ಎರಡು ಸಲ ಎಳೆದ್ರೆ ಎರಡನೆಯದರಲ್ಲಿ ನೀರು ಕಡಿಮೆ ಇರ್ತದೆ, ಹೋಲಿಕೆಯೇ ಹಾಳು. ಒಂದು ತುಂಡಿಗೆ ಮಾತ್ರ ರಟ್ಟಿನಿಂದ ಗಾಳಿ ಹಾಕಿ. ಸೀಲಿಂಗ್ ಫ್ಯಾನ್ ಆಫ್ ಮಾಡಲಿಕ್ಕೆ ಮರೀಬೇಡಿ, ಇಲ್ಲದಿದ್ರೆ ಎರಡೂ ಒಟ್ಟಿಗೆ ಆರಿ ಮಾಷ್ಟ್ರ ಮುಖ ನೋಡುವ ಹಾಗಾಗ್ತದೆ.

ಈ ಹೊತ್ತಿನಲ್ಲಿ ಮಕ್ಕಳು ತುಳುವಿನಲ್ಲಿ ವಾದ ಮಾಡಲಿ, ಬ್ಯಾರಿಯಲ್ಲಿ ಮಾಡಲಿ, ತಡೀಬೇಡಿ. ಯಾಕೆ ಆರಿತು ಅನ್ನುವುದು ಮೊದಲು ತಲೆಯಲ್ಲಿ ಕೂರ್ಬೇಕು, ಇಂಗ್ಲಿಷ್ ಆಮೇಲೆ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ರು: ಟೀಚರ್‌ಗಳು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್, ಅದು ಮೂರಾದ್ರೆ ಉತ್ತರಗಳು ಉದ್ದ ಆಗ್ತವೆ. ತುಳುವಿನಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಬೇಕಾದ ಮಗುವಿಗೆ ಐದು ಕೊಡಿ.

ಆಮೇಲೆ ವಾಕ್ಯದ ಚೌಕಟ್ಟು. ‘ದ ಲಾರ್ಜರ್ ದ ಸರ್ಫೇಸ್ ಏರಿಯಾ, ದ ಫಾಸ್ಟರ್ ದ ಇವಾಪೊರೇಷನ್.’ ಇದರಲ್ಲಿ ಕ್ರಿಯಾಪದವೇ ಇಲ್ಲ, ಮಗು ಎಲ್ಲಿ ಅಂತ ಹುಡುಕುವುದು? ಮೇಲಿನ ಸಾಲಿನಲ್ಲಿ ‘ಮೇಲ್ಮೈ ಹೆಚ್ಚಾದಷ್ಟೂ ನೀರು ಬೇಗ ಆರ್ತದೆ’ ಅಂತ ಬರೀರಿ, ಕೆಳಗೆ ಇಂಗ್ಲಿಷ್, ಹೊಂದುವ ಭಾಗಗಳಿಗೆ ಒಂದೇ ಬಣ್ಣದ ಚಾಕ್. ಮತ್ತೆ ಟೆಂಪರೇಚರ್, ಗಾಳಿ, ಕೊನೆಗೆ ಹ್ಯುಮಿಡಿಟಿ (ಗಾಳಿಯ ತೇವ) ಕೊಟ್ಟು ತುಂಬಿಸಲಿಕ್ಕೆ ಹೇಳಿ. ಹ್ಯುಮಿಡಿಟಿಗೂ ‘ಫಾಸ್ಟರ್’ ಅಂತ ಬರೆದವರು ಚೌಕಟ್ಟು ಮಾತ್ರ ಕಲಿತಿದ್ದಾರೆ, ವಿಜ್ಞಾನ ಅಲ್ಲ. ಅದಕ್ಕೇ ಅದನ್ನು ಕೊನೆಗೆ ಇಟ್ಟದ್ದು.

ಟೈಮ್ ಆಯ್ತು, ಉಳಿದದ್ದು ಒಟ್ಟಿಗೆ ಹೇಳಿ ಬಿಡ್ತೇನೆ. ಪ್ರತಿ ಇಂಗ್ಲಿಷ್ ವಾಕ್ಯದ ಹಿಂದೆಯೇ ಕನ್ನಡ ಹೇಳ್ಬೇಡಿ, ಕನ್ನಡ ಬರ್ತದೆ ಅಂತ ಗೊತ್ತಾದ್ರೆ ಇಂಗ್ಲಿಷ್ ಯಾರು ಕೇಳ್ತಾರೆ? ಒಂದು ಭಾಗ ಪೂರ್ತಿ ಒಂದು ಭಾಷೆಯಲ್ಲಿ ಮಾಡಿ. ಪ್ರಶ್ನೆಪತ್ರಿಕೆಯ ಸ್ಟೇಟ್, ಡಿಸ್ಕ್ರೈಬ್, ಎಕ್ಸ್‌ಪ್ಲೇನ್, ಜಸ್ಟಿಫೈ ಬೇರೆ ಬೇರೆ ಕೆಲಸ ಕೇಳ್ತವೆ. ಸ್ಟೇಟ್‌ಗೆ ಒಂದು ಸಾಲು ಸಾಕು, ಎಕ್ಸ್‌ಪ್ಲೇನ್‌ಗೆ ‘ಬಿಕಾಸ್’ ಬರ್ಲೇಬೇಕು. ಇನ್ನು ಮೌಲ್ಯಮಾಪನ. ‘ವಾಟರ್ ಫಾಸ್ಟ್ ಗೋಯಿಂಗ್ ಬಿಕಾಸ್ ಪ್ಲೇಟ್ ಬಿಗ್’ ಅಂತ ಬರೆದ ಮಗುವಿಗೆ ವಿಜ್ಞಾನದ ಮಾರ್ಕು ಮೊದಲು ಕೊಡಿ. ಸರಿಯಾದ ವಾಕ್ಯ ಪಕ್ಕದಲ್ಲಿ ಬರೆದು, ಅದನ್ನು ಒಮ್ಮೆ ನಕಲು ಮಾಡಿಸಿ. ಕೆಂಪು ಶಾಯಿಯಲ್ಲಿ ಪೂರ್ತಿ ಹೊಡೆದು ಹಾಕಿದ್ರೆ ಮುಂದಿನ ಸಲ ಆ ಜಾಗ ಖಾಲಿ ಬರ್ತದೆ.