ಪಾಸ್‌ಬುಕ್‌ನಲ್ಲಿ ನಾರಾಯಣ, ಉಯಿಲಿನಲ್ಲಿ ಲಕ್ಷ್ಮೀನಾರಾಯಣಯ್ಯ: ದುಡ್ಡು ಬಿಡಿಸೋದು ಹೇಗೆ?

ನಮಸ್ಕಾರ. ಒಬ್ಬ ನಿವೃತ್ತ ಮೇಷ್ಟ್ರು ತೀರಿಕೊಂಡರು. ಹಳೇ ಪಾಸ್‌ಬುಕ್‌ನಲ್ಲಿ ಅವರು 'ಸಿ. ಎಲ್. ನಾರಾಯಣ'. ಆಧಾರ್‌ನಲ್ಲಿ, ಉಯಿಲಿನಲ್ಲಿ 'ಲಕ್ಷ್ಮೀನಾರಾಯಣಯ್ಯ ಸಿ'. ಮರಣ ಪ್ರಮಾಣಪತ್ರದಲ್ಲಿ 'ನಾರಾಯಣಪ್ಪ'. ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗ ಪಕ್ಕದ ಮನೆಯವರು ಊರಲ್ಲಿ ಕರೆಯುವ ಹೆಸರನ್ನೇ ಹೇಳಿಬಿಟ್ಟಿದ್ದರು.

ಅವರ ಸೋದರಳಿಯ ನಮಗೆ ಬರೆದಿದ್ದಾರೆ: 'ಮಾವ ಉಯಿಲಿನಲ್ಲಿ ನನ್ನನ್ನೇ ಎಕ್ಸಿಕ್ಯೂಟರ್ ಮಾಡಿದ್ದಾರೆ. ಬ್ಯಾಂಕಿಗೆ ಹೋದರೆ, ಈ ಮೂವರಲ್ಲಿ ಸತ್ತವರು ಯಾರು ಅಂತ ಕೇಳುತ್ತಾರೆ. ಏನು ಮಾಡಲಿ?'

(ಗೌಪ್ಯತೆಗಾಗಿ ಹೆಸರುಗಳನ್ನು ಬದಲಾಯಿಸಿದ್ದೇವೆ. ಅಂದರೆ ಪಾಪ, ಮೇಷ್ಟ್ರ ತಲೆಗೆ ನಾವೂ ಇನ್ನೊಂದು ಹೆಸರು ಕಟ್ಟಿದಂತಾಯಿತು.)

ಬೇಸಿಕ್ ಬೇಗ ಮುಗಿಸೋಣ. ಎಕ್ಸಿಕ್ಯೂಟರ್ ಅಂದರೆ ಉಯಿಲಿನಲ್ಲಿ ಬರೆದಿದ್ದನ್ನು ನಡೆಸಿಕೊಡುವವರು. ನಾಮಿನಿ ಬೇರೆ. ನಾಮಿನಿ ಬ್ಯಾಂಕಿನಿಂದ ಹಣ ತೆಗೆದುಕೊಳ್ಳಬಹುದು, ಆದರೆ ಅಷ್ಟಕ್ಕೇ ಅದರ ಮಾಲೀಕರಾಗುವುದಿಲ್ಲ. ಈ ಖಾತೆಗೆ ನಾಮಿನಿ ಇಲ್ಲ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್, ಅಂದರೆ ಕೋರ್ಟಿನ ಮುದ್ರೆ, ಕಡ್ಡಾಯ ಅಲ್ಲ. ತಕರಾರು ಇದ್ದರೆ ಅಥವಾ ಅನುಮಾನ ಬಂದರೆ ಬ್ಯಾಂಕ್ ಅದನ್ನು ಕೇಳಬಹುದು. ಆಯ್ತು, ಬೇಸಿಕ್ ಮುಗಿಯಿತು.

ಈಗ ನನಗೆ ಇಷ್ಟವಾದ ಭಾಗ. ಈ ಗೊಂದಲ ನಮ್ಮಲ್ಲಿ ಇಷ್ಟು ಜಾಸ್ತಿ ಯಾಕೆ?

[ಸ್ಕ್ರೀನ್ ಮೇಲೆ: ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಎಂಬ ಮೂರು ಖಾಲಿ ಡಬ್ಬಿಗಳು]

ಕಂಪ್ಯೂಟರ್ ಕೊಡುವುದು ಈ ಮೂರು ಡಬ್ಬಿ. ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರ ಹೆಸರನ್ನು ಬಿಡಿಸಿ ಬರೆದರೆ ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ಅವರು. ಡಬ್ಬಿ ತುಂಬಿಸಿದರೆ ಅವರ ಮೊದಲ ಹೆಸರು 'ಹರದನಹಳ್ಳಿ'! ಉತ್ತರ ಕರ್ನಾಟಕಕ್ಕೆ ಹೋಗಿ: ಬಸವರಾಜ ಸೋಮಪ್ಪ ಬೊಮ್ಮಾಯಿ. ಮೊದಲು ಅವರು, ಆಮೇಲೆ ಅಪ್ಪ, ಕೊನೆಗೆ ಮನೆತನ. ಒಂದೇ ರಾಜ್ಯ, ಇಬ್ಬರೂ ಮಾಜಿ ಮುಖ್ಯಮಂತ್ರಿಗಳು, ಹೆಸರು ಮಾತ್ರ ಉಲ್ಟಾ. ಇದರ ಮೇಲೆ ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಪೂರ್ತಿ ಬಿಡಿಸಬೇಕು.

ನಮ್ಮ ಮೇಷ್ಟ್ರಿಗೆ ಆದದ್ದು ಇನ್ನೂ ಮಜಾ. ಯಾರೋ ಗುಮಾಸ್ತರು 'ಲಕ್ಷ್ಮೀ' ಮತ್ತು 'ನಾರಾಯಣ'ರ ನಡುವೆ ಜಾಗ ಬಿಟ್ಟರು. ಲಕ್ಷ್ಮಿ ಇನಿಷಿಯಲ್ ಆಗಿ ಕುಗ್ಗಿಹೋದಳು. ಬ್ಯಾಂಕಿನಲ್ಲಿ ಲಕ್ಷ್ಮಿಗೇ ಹೀಗಾದರೆ!

ಇಂಗ್ಲಿಷ್ ಸ್ಪೆಲಿಂಗ್ ನೋಡೋಣ. 'ಕ್ಷ'ವನ್ನು ಕೆ-ಎಸ್-ಎಚ್ ಅಂತಲೂ ಬರೆಯಬಹುದು, ಎಕ್ಸ್ ಅಂತಲೂ ಬರೆಯಬಹುದು: ಎರಡು. 'ಮೀ'ಗೆ ಒಂದು ಐ ಅಥವಾ ಎರಡು ಇ: ನಾಲ್ಕಾಯಿತು. ಕೊನೆಯ 'ಅಯ್ಯ'ನನ್ನು ಬರೆಯಲು ಕನಿಷ್ಠ ಮೂರು ದಾರಿ: ಹನ್ನೆರಡು. ಇನಿಷಿಯಲ್ ಮುಂದೆ, ಹಿಂದೆ, ಇಲ್ಲವೇ ಇಲ್ಲ: ಮೂವತ್ತಾರು! ವಿಷ್ಣುವಿಗೆ ಸಾವಿರ ಹೆಸರಿದ್ದರೂ ದೇವಸ್ಥಾನದ ಖಾತೆ ನಡೆಯುತ್ತದೆ. ಮೇಷ್ಟ್ರು ಮೂವತ್ತಾರಕ್ಕೇ ಸಿಕ್ಕಿಬಿದ್ದರು.

ನಮ್ಮ ಹಳೇ ಕಾಗದಗಳು ಈ ವಿಷಯದಲ್ಲಿ ಜಾಣ. ಪಹಣಿ ನೋಡಿ: ಇಂಥವರು 'ಬಿನ್' ಇಂಥವರು, ಇಂಥವರು 'ಕೋಂ' ಇಂಥವರು. ಯಾರ ಮಗ, ಯಾರ ಹೆಂಡತಿ ಅಂತ ಹಿಡಿದುಬಿಡುತ್ತದೆ. ಕೋರ್ಟ್ ಕಾಗದದಲ್ಲಂತೂ 'ನಾರಾಯಣಪ್ಪ @ ಲಕ್ಷ್ಮೀನಾರಾಯಣಯ್ಯ' ಅಂತ ಬರೆಯುತ್ತಾರೆ. ಹೌದು, ಇಮೇಲ್‌ನ ಅದೇ ಸುರುಳಿ. ಇಲ್ಲಿ ಅದರ ಅರ್ಥ 'ಅಲಿಯಾಸ್', ನಮ್ಮ ಅಜ್ಜಂದಿರ ಮಾತಲ್ಲಿ 'ಉರುಫ್'. ಬ್ಯಾಂಕಿನ ಸಾಫ್ಟ್‌ವೇರ್‌ನಲ್ಲಿ ಉರುಫ್‌ಗೆ ಒಂದು ಡಬ್ಬಿ ಇಟ್ಟಿದ್ದರೆ ಈ ವಿಡಿಯೋನೇ ಬೇಕಿರಲಿಲ್ಲ, ಅಲ್ವಾ?

ಸರಿ, ಪರಿಹಾರಕ್ಕೆ ಬರೋಣ. ಬ್ಯಾಂಕಿಗೆ ಬೇಕಿರುವುದು ಸರಿಯಾದ ಹೆಸರಲ್ಲ. ಮೂರೂ ಹೆಸರಿನವರು ಒಬ್ಬರೇ ಅನ್ನುವುದಕ್ಕೆ ಆಧಾರ. ತುಂಬಾ ಜನ ಓಡುವುದು ನೋಟರಿ ಹತ್ತಿರ: 'ಇವರೆಲ್ಲ ಒಬ್ಬರೇ ವ್ಯಕ್ತಿ' ಅಂತ ಒಂದು ಅಫಿಡವಿಟ್. ಅದು ಬೇಕು, ಆದರೆ ಅದು ನಿಮ್ಮ ಮಾತು ಅಷ್ಟೇ. ಅದರ ಜೊತೆ ಅವರು ಬದುಕಿದ್ದಾಗಲೇ ಹುಟ್ಟಿದ ಕಾಗದ ಇಟ್ಟರೆ ತೂಕ ಬರುತ್ತದೆ. ಎರಡು ಹೆಸರು ಒಟ್ಟಿಗೆ ಇರುವ ಅಥವಾ ಒಂದು ಹೆಸರು ಮತ್ತು ಅದೇ ಖಾತೆ ನಂಬರ್ ಇರುವ ಕಾಗದ. ಮೇಷ್ಟ್ರ ಟ್ರಂಕಿನಲ್ಲಿ ಸಿಕ್ಕಿದ್ದು ಪಿಂಚಣಿ ಆದೇಶ: ಪೂರ್ತಿ ಹೆಸರು, ಫೋಟೋ, ಪಿಂಚಣಿ ಬೀಳುತ್ತಿದ್ದ ಇದೇ ಖಾತೆಯ ನಂಬರ್. ಪಾಸ್‌ಬುಕ್ ಮತ್ತು ಉಯಿಲಿನ ನಡುವೆ ಸೇತುವೆ ಬಿತ್ತು. ಸಹಿ, ಹುಟ್ಟಿದ ದಿನ, ಪ್ಯಾನ್ ನಂಬರ್ ಕೂಡ ಇದೇ ಕೆಲಸ ಮಾಡುತ್ತವೆ.

'ಗೆಜೆಟ್‌ನಲ್ಲಿ ಹೆಸರು ಬದಲಾಯಿಸಿ' ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಅದು ಬದುಕಿರುವವರಿಗೆ.

ಟೈಮ್ ಆಗುತ್ತಿದೆ, ಉಳಿದದ್ದು ಒಂದೇ ಉಸಿರಿಗೆ. ಮರಣ ಪ್ರಮಾಣಪತ್ರದ ತಪ್ಪನ್ನು 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಕೆಳಗೆ ರಿಜಿಸ್ಟ್ರಾರ್ ತಿದ್ದಬಹುದು. ಮೂಲ ಬರಹ ಅಳಿಸುವುದಿಲ್ಲ, ಅಂಚಿನಲ್ಲಿ ಬರೆಯುತ್ತಾರೆ. ವಾರಸುದಾರರಿಗೆ ನಾಡಕಚೇರಿಯ ವಂಶವೃಕ್ಷ ಇರಲಿ. ಆರ್‌ಬಿಐ 2025ರ ಸೆಪ್ಟೆಂಬರ್‌ನಲ್ಲಿ ತಂದ ನಿಯಮದ ಪ್ರಕಾರ ಕಾಗದ ಎಲ್ಲಾ ಸೇರಿದ 15 ದಿನದಲ್ಲಿ ಬ್ಯಾಂಕ್ ಇತ್ಯರ್ಥ ಮಾಡಬೇಕು. ಜಾರಿಗೆ ಕೊಟ್ಟ ಗಡುವು 2026ರ ಮಾರ್ಚ್ 31. ನಾಮಿನಿ ಇಲ್ಲದಿದ್ದರೂ ತಕರಾರಿಲ್ಲದ 15 ಲಕ್ಷದವರೆಗಿನ ಹಣಕ್ಕೆ ಸರಳ ದಾರಿ ಇದೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷ. ಗಮನಿಸಿ: 15 ದಿನದ ಗಡಿಯಾರ ಶುರುವಾಗುವುದು 'ಎಲ್ಲಾ ಕಾಗದ' ಸೇರಿದ ಮೇಲೆ. ಹೆಸರಿನ ತಕರಾರು ಆ ಗಡಿಯಾರವನ್ನೇ ನಿಲ್ಲಿಸಿಬಿಡುತ್ತದೆ. ಅದಕ್ಕೇ ಏನು ಕಡಿಮೆ ಇದೆ ಅಂತ ಬರಹದಲ್ಲಿ ಕೇಳಿ. ಮತ್ತೆ ದಯವಿಟ್ಟು, ಸತ್ತವರ ಎಟಿಎಂ ಕಾರ್ಡ್ ಮುಟ್ಟಬೇಡಿ.

ಒಂದೇ ಒಂದು ವಿಷಯ, ಹೇಳದೆ ಹೋದರೆ ನನಗೆ ನಿದ್ದೆ ಬರಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, 76ನೇ ಸೆಕ್ಷನ್. ಅದರಲ್ಲೊಂದು ಉದಾಹರಣೆ ಇದೆ. ಒಬ್ಬ 'ನನ್ನ ತಮ್ಮ ಜಾನ್‌ನ ಎರಡನೇ ಮಗ ಥಾಮಸ್‌ಗೆ' ಅಂತ ಉಯಿಲು ಬರೆಯುತ್ತಾನೆ. ಜಾನ್‌ಗೆ ಥಾಮಸ್ ಅನ್ನೋ ಮಗನೇ ಇಲ್ಲ. ಎರಡನೇ ಮಗನ ಹೆಸರು ವಿಲಿಯಂ. ಕಾನೂನು ಏನನ್ನುತ್ತದೆ? ವಿಲಿಯಂಗೇ ಕೊಡಿ! ಯಾರಿಗೆ ಅಂತ ಗೊತ್ತಾದರೆ ಸಾಕು. ಈ ಸೆಕ್ಷನ್ ಆಸ್ತಿ ಪಡೆಯುವವರ ಹೆಸರಿಗೆ ಸಂಬಂಧಿಸಿದ್ದು, ಖಾತೆದಾರರ ಹೆಸರಿಗಲ್ಲ. ಆದರೂ ನೂರು ವರ್ಷದ ಆ ಕಾಯ್ದೆ ಇವತ್ತಿನ ಕಂಪ್ಯೂಟರ್‌ಗಿಂತ ಉದಾರಿ.

ಇದನ್ನು ಆ ಸೋದರಳಿಯನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಉಯಿಲು ತೆಗೆದು ಓದಿದರು. ಅದರಲ್ಲಿ ಮಾವ ಅವರಿಗೆ ಮನೆಯನ್ನೂ ಬರೆದಿದ್ದಾರೆ: 'ನನ್ನ ಅಕ್ಕನ ಎರಡನೇ ಮಗ ಮಂಜುವಿಗೆ'.

ಆಧಾರ್‌ನಲ್ಲಿ ಅವರು ಮಂಜುನಾಥ. ಎರಡನೇ ಅಫಿಡವಿಟ್ ಟೈಪ್ ಆಗುತ್ತಿದೆ.